ಏಳು ದಿನದೊಳಗೆ

ಆ ಬೀದಿಯ ಅರ್ಧಕ್ಕರ್ಧ ಜನ ಮೈ ಚಾಚುತ್ತಿದ್ದದ್ದು ಹಾಸಿಗೆಯಮ್ಮನ ಹೊಲಿಗೆಯ ಮೇಲೆ. ಮೂವತ್ತೆಂಟು ವರ್ಷದಿಂದ ಹತ್ತಿ ಹಿಂಜಿ, ಗವಸಿಗೆ ತುಂಬಿ, ದಬ್ಬಳ ಹಿಡಿದು ಹೊಲಿದು ಹೊಲಿದು ಆಕೆಯ ನಿಜವಾದ ಹೆಸರು ಗಂಡನಿಗೂ ಮರೆತುಹೋಗಿತ್ತು. ಯಾರ ಮನೆಗೆ ಹೋದರೂ ಮೊದಲು ಹಾಸಿಗೆಯ ಮೂಲೆ ಹಿಸುಕಿ ನೋಡುವುದು, ಆಮೇಲೆ ಯೋಗಕ್ಷೇಮ. ಕೆಟ್ಟ ಹೊಲಿಗೆ ಕಂಡರೆ ಆ ಮನೆಯಲ್ಲಿ ಒಂದು ಲೋಟ ನೀರನ್ನೂ ಮುಟ್ಟುತ್ತಿರಲಿಲ್ಲ.

ಆಕೆಯ ಮನೆ ತುಂಬ ಗಂಡಸರು. ಗಂಡನೆಂಬ ಮುದುಕ ಒಬ್ಬ, ಹಿಂಜುವ ಯಂತ್ರದ ಸದ್ದಿಗೆ ಎಡಗಿವಿ ಕಳೆದುಕೊಂಡವನು. ಮಗ ಒಬ್ಬ, ಗಾಡಿಯಲ್ಲಿ ಹಾಸಿಗೆ ಹೇರಿಕೊಂಡು ಮನೆಮನೆಗೆ ಮುಟ್ಟಿಸುವವನು. ಮೊಮ್ಮಕ್ಕಳು ಇಬ್ಬರು, ದೊಡ್ಡವನಿಗೆ ಏಳು ವರ್ಷ, ಚಿಕ್ಕವನಿಗೆ ಒಂದೂವರೆ. ಇಬ್ಬರೂ ಹಿಂಜಿಟ್ಟ ಹತ್ತಿಯ ರಾಶಿಗೆ ಬಿದ್ದು ಹೊರಳಾಡಿ, ಮೂಗು ಕಿವಿಯಲ್ಲೆಲ್ಲ ಹತ್ತಿ ತುಂಬಿಕೊಂಡು ಓಡಾಡುವವರು. ಇವರ ನಡುವೆ ಹಾಸಿಗೆಯಮ್ಮನಿಗೆ ಇದ್ದ ಆಸೆ ಒಂದೇ, ಮನೆಗೊಂದು ಹೆಣ್ಣು ಮಗು ಬೇಕು. ತನ್ನ ಹೊಟ್ಟೆಯಲ್ಲಂತೂ ಹುಟ್ಟಲಿಲ್ಲ. ಈಗ ಸೊಸೆಗೆ ಎಂಟು ತಿಂಗಳು ತುಂಬಿತ್ತು, ಅತ್ತೆ ಆಗಲೇ ಹೂವಿನ ಬಟ್ಟೆಯಲ್ಲಿ ಪುಟ್ಟ ದಿಂಬೊಂದನ್ನು ಹೊಲಿದಿಟ್ಟಿದ್ದಳು.

ಒಂದು ಸಂಜೆ ಊಟಕ್ಕೆ ಕೂತಾಗ ಸೊಸೆ ಬೇಳೆಯ ಪಾತ್ರೆ ಕೆಳಗಿಟ್ಟು ಮಾತು ತೆಗೆದಳು.

“ಅತ್ತೆ, ಈಗಲೇ ಹೇಳಿಬಿಡ್ತೀನಿ. ಈ ಹೆರಿಗೆ ಆದ್ಮೇಲೆ ಆಪರೇಷನ್ ಮಾಡಿಸ್ಕೊಂಡೇ ನಾನು ಮನೆಗೆ ಬರೋದು.”

“ಮೊದಲು ಹೆರಿಗೆ ಆಗ್ಲಿ. ಹೆಣ್ಣಾಗ್ಲಿ. ಆಮೇಲೆ ನೋಡೋಣ.”

“ಹೆಣ್ಣಾದ್ರೂ ಸರಿ, ಗಂಡಾದ್ರೂ ಸರಿ. ಮೂರಕ್ಕೆ ಮುಕ್ತಾಯ.”

“ಮುಕ್ತಾಯ ಮಾಡೋಕೆ ನೀನ್ಯಾರೇ?”

“ಹೆರೋಳು.”

ಮುದುಕ ತಟ್ಟೆಯಿಂದ ತಲೆ ಎತ್ತದೆ ನಕ್ಕ. ಎಡಗಿವಿ ಹೋಗಿದ್ದರೂ ಬಲಗಿವಿ ಬೇಕಾದ್ದನ್ನೆಲ್ಲ ಹಿಡಿಯುತ್ತಿತ್ತು.

“ಆಪರೇಷನ್ ಆದೋರು ಭಾರ ಎತ್ತೋ ಹಾಗಿಲ್ಲ, ಗೊತ್ತಾ?” ಎಂದಳು ಹಾಸಿಗೆಯಮ್ಮ. “ಮೊಟ್ಟೆ ಅಂಗಡಿಯವಳ ನಾದಿನಿ ಈಗ ಒಂದು ಬಿಂದಿಗೆ ನೀರು ಎತ್ತಲ್ಲ. ನೀನೂ ಹಾಗಾದ್ರೆ ಹತ್ತಿ ಮೂಟೆ ಯಾರು ಎತ್ತೋರು?”

“ಅವಳು ಆಪರೇಷನ್‌ಗೆ ಮುಂಚೇನೂ ಎತ್ತುತ್ತಿರ್ಲಿಲ್ಲ ಅತ್ತೆ. ನೆಪ ಒಂದು ಸಿಕ್ತು ಅಷ್ಟೆ. ಬೇಕಾದ್ರೆ ನಿಮ್ಮ ಮಗನೇ ಮಾಡಿಸ್ಕೊಳ್ಳಲಿ. ಗಂಡಸರಿಗೆ ಇನ್ನೂ ಸುಲಭ ಅಂತೆ, ಅರ್ಧ ಗಂಟೆ ಕೆಲಸ.”

ಮಗನಿಗೆ ಅನ್ನ ನೆತ್ತಿಗೆ ಹತ್ತಿತು. ಹಾಸಿಗೆಯಮ್ಮ ಅವನ ತಲೆ ತಟ್ಟುತ್ತ, “ನನ್ನ ಮಗನಿಗಾ?” ಎಂದಳು.

“ನೋಡಿ, ನಿಮ್ಮ ಮಗ ಅಂದ ಕೂಡ್ಲೇ ಎದೆ ಝಲ್ ಅಂತು. ಅದಕ್ಕೇ ನಾನೇ ಮಾಡಿಸ್ಕೋತೀನಿ ಅಂದದ್ದು. ಕೋಳಿ ಕೇಳಿ ಮಸಾಲೆ ಅರೀತಾರಾ ಅಂತಾರೆ. ಇಲ್ಲಿ ಕೋಳೀನೇ ಬಾಯಿ ಬಿಟ್ಟು ಹೇಳ್ತಿದೆ, ಕೇಳಿಸ್ಕೊಳ್ಳಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.”

“ಹಾಸಿಗೆ ಹೊಲಿಯೋರ ಮನೇಲಿ ಆ ಗಾದೆ ಹೇಳ್ಬೇಡ. ಸಾಲದಿದ್ರೆ ಇನ್ನೆರಡು ಮೊಳ ಸೇರಿಸಿ ಹೊಲೀತೀನಿ.”

ಸೊಸೆಯ ಹಟಕ್ಕೆ ಕಾರಣವಿತ್ತು. ಚಿಕ್ಕವನು ಹುಟ್ಟಿದಾಗಲೇ ಅವಳು ಆಪರೇಷನ್ ಕೇಳಿದ್ದಳು. ಆಗ ಆಪರೇಷನ್ ಮಾಡುವ ಡಾಕ್ಟರು ರಜೆ ಹಾಕಿದ್ದರು. ಆರು ವಾರ ಬಿಟ್ಟು ಬನ್ನಿ ಎಂದು ಹೇಳಿ ಕಳಿಸಿದರು. ಆರು ವಾರ ಬಂತು, ಹೋಯಿತು. ಏನೇನೋ ಅಡ್ಡ ಬಂತು. ಆಗಲಿಲ್ಲ ಎಂದರೆ ಆಗಲಿಲ್ಲ, ಯಾರ ತಪ್ಪೂ ಅಲ್ಲ ಎಂಬುದು ಹಾಸಿಗೆಯಮ್ಮನ ಖಚಿತ ಅಭಿಪ್ರಾಯ. ಅಷ್ಟರಲ್ಲಿ ಮೂರನೆಯದು ನಿಂತುಬಿಟ್ಟಿತ್ತು. ಈ ಸಲ ಸೊಸೆಗೆ ಮೈಯಲ್ಲಿ ರಕ್ತವಿರಲಿಲ್ಲ, ಕಾಲು ಊದಿ ಚಪ್ಪಲಿಯೇ ಹಿಡಿಯುತ್ತಿರಲಿಲ್ಲ, ಎರಡು ಸಲ ಯಂತ್ರದ ಪಕ್ಕದಲ್ಲೇ ತಲೆ ಸುತ್ತಿ ಬಿದ್ದಿದ್ದಳು. ಇನ್ನೊಂದು ಬಸಿರು ಬೇಡ ಎಂದು ಆಸ್ಪತ್ರೆಯ ಡಾಕ್ಟರಮ್ಮ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಹಾಸಿಗೆಯಮ್ಮ ಆ ಮಾತು ಕೇಳಿಸಿಕೊಂಡಿದ್ದಳು, ಆದರೆ ಡಾಕ್ಟರುಗಳು ಹೆದರಿಸುವುದೇ ಹಾಗೆ ಎಂದುಕೊಂಡಿದ್ದಳು.

ಜಗಳ ಜಗಳದ ಪಾಡಿಗೆ, ಉಪಚಾರ ಉಪಚಾರದ ಪಾಡಿಗೆ ನಡೆಯಿತು. ಬೆಳಿಗ್ಗೆ ಬೇಯಿಸಿದ ಮೊಟ್ಟೆ, ಮಧ್ಯಾಹ್ನ ಸೊಪ್ಪು, ಸಂಜೆ ಹಾಲು. “ತಿನ್ನು, ಜಗಳ ಆಡೋಕಾದ್ರೂ ಶಕ್ತಿ ಬೇಕಲ್ಲ” ಎಂದು ತಟ್ಟೆಗೆ ಬಡಿಸುವುದು, ಸೊಸೆ ತಿಂದು ಮುಗಿಸಿ ಮತ್ತೆ ಅದೇ ಮಾತು ತೆಗೆಯುವುದು. ಇನ್ನು ಬೆಳಗಿನ ಬೆಲ್ಲ ಆ ಮನೆಯ ಕಾನೂನು. ಹತ್ತಿಯ ಧೂಳು ಗಂಟಲಲ್ಲಿ ಕೂರಬಾರದೆಂದು ಯಾರೇ ಆಗಲಿ ಏಳುತ್ತಲೇ ಬೆಲ್ಲದ ತುಂಡೊಂದನ್ನು ದವಡೆಗಿಟ್ಟುಕೊಂಡು, ಮೇಲೆ ಅರ್ಧ ಲೋಟ ಹಾಲು ಕುಡಿಯಬೇಕು. ಹಾಸಿಗೆಯಮ್ಮನ ಸೊಂಟದಲ್ಲಿ ಬೆಲ್ಲದ ಚೀಲ ಸದಾ ಇರುತ್ತಿತ್ತು. ಒಂಬತ್ತು ವರ್ಷದಿಂದ ಸೊಸೆಯ ಬಾಯಿಗೆ ಬೆಲ್ಲ ಬೀಳದ ಬೆಳಗು ಒಂದೂ ಇರಲಿಲ್ಲ. ಹಿಂದಿನ ದಿನ ಮುಖ ಮುರಿದುಕೊಂಡು ಮಲಗಿದ್ದರೂ ಸರಿ, ಬೆಲ್ಲ ಮಾತ್ರ ತಪ್ಪುತ್ತಿರಲಿಲ್ಲ.

ಒಂದು ಮಂಗಳವಾರ, ಎರಡು ಬಸ್ಸು ಬದಲಾಯಿಸಿ ಹೋಗುವ ದೊಡ್ಡಾಸ್ಪತ್ರೆಯಲ್ಲಿ, ಸೊಸೆಗೆ ಹೆರಿಗೆಯಾಯಿತು. ಮೂರನೆಯದೂ ಗಂಡು.

ಹಾಸಿಗೆಯಮ್ಮ ಬಟ್ಟೆ ಸರಿಸಿ ನೋಡಿದಳು. ಅನುಮಾನಕ್ಕೆ ಎಡೆಯೇ ಇರಲಿಲ್ಲ. “ಅಯ್ಯೋ, ಇವನೂ ಗಂಡಸೇ” ಎಂದಳು. ಅಷ್ಟರಲ್ಲಿ ಮಗು ಬಾಯಿ ಅಗಲಿಸಿ ಆಕಳಿಸಿತು, ಅಜ್ಜಿಯ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಅಲ್ಲಿಗೆ ಆಕೆ ಕರಗಿ ನೀರಾದಳು. “ದಬ್ಬಳ ಹಿಡಿಯೋ ಕೈ ಇದು” ಎಂದು ವಾರ್ಡಿನ ತುಂಬ ಮಗುವನ್ನು ತೋರಿಸಿಕೊಂಡು ಬಂದಳು. ತೋರಿಸುವಾಗ ಬಾಯಿ ಸುಮ್ಮನಿರಬೇಕಲ್ಲ, “ಇರ್ಲಿ, ನಾಲ್ಕನೇದು ಹೆಣ್ಣೇ ಆಗುತ್ತೆ” ಎಂದೂ ಸಾರಿದಳು. ದೊಡ್ಡ ಸಿಸ್ಟರ್ ಅದನ್ನು ಕೇಳಿಸಿಕೊಂಡು ಕನ್ನಡಕದ ಮೇಲಿಂದ ನೋಡಿದರು.

ಮಾರನೆಯ ದಿನ ಸಿಸ್ಟರ್ ಆಪರೇಷನ್ನಿನ ಕಾಗದ ಹಿಡಿದು ಬಂದರು. ಮಗ ತಾನೇ ಯಜಮಾನನೆಂದು ಅಂಗಿಯ ಜೇಬಿನಿಂದ ಪೆನ್ನು ತೆಗೆದ.

“ನಿಮ್ಮದಲ್ಲಪ್ಪ” ಎಂದರು ಸಿಸ್ಟರ್. “ಹೊಟ್ಟೆ ಯಾರದೋ ಸಹಿ ಅವರದು. ಪೆನ್ನು ಬೇಕಾದ್ರೆ ಕೊಡಿ.”

ಸೊಸೆ ಹಾಸಿಗೆಯ ಮೇಲೆ ನೆಟ್ಟಗೆ ಕೂತು, ಒಂದೊಂದು ಅಕ್ಷರವನ್ನೂ ದುಂಡಗೆ ಬರೆದು ಸಹಿ ಹಾಕಿದಳು. “ನಾಳೆ ಗುರುವಾರ, ಡಾಕ್ಟರು ಬರ್ತಾರೆ. ಬೆಳಿಗ್ಗೆಯಿಂದ ಹೊಟ್ಟೆ ಖಾಲಿ ಇರ್ಬೇಕು. ಗೊತ್ತಾಯ್ತಾ ಅಮ್ಮ?” ಎಂದು ಸಿಸ್ಟರ್ ಹಾಸಿಗೆಯಮ್ಮನ ಕಡೆಗೇ ತಿರುಗಿ ಹೇಳಿದರು. “ಒಂದು ಅಗುಳು ಅನ್ನ ಕೊಡಲ್ಲ” ಎಂದು ಆಕೆ ಮುಖ ಊದಿಸಿಕೊಂಡೇ ಒಪ್ಪಿದಳು.

ಕೊಟ್ಟ ಮಾತಿನಂತೆ ಅನ್ನ ಕೊಡಲಿಲ್ಲ. ಗುರುವಾರ ಬೆಳಿಗ್ಗೆ ಸೊಸೆ ಕಣ್ಣು ಮುಚ್ಚಿಕೊಂಡೇ ಮಗುವಿಗೆ ಹಾಲೂಡಿಸುತ್ತಿದ್ದಳು. ಅತ್ತೆ ಎದ್ದಳು, ಆಕಳಿಸಿದಳು, ಚೀಲಕ್ಕೆ ಕೈ ಹಾಕಿದಳು, ಬೆಲ್ಲದ ತುಂಡು ತೆಗೆದು ಸೊಸೆಯ ಬಾಯಿಗಿಟ್ಟಳು, ಹಾಲಿನ ಲೋಟ ತುಟಿಗೆ ಹಿಡಿದಳು. ಸೊಸೆಯೂ ನಿದ್ದೆಗಣ್ಣಲ್ಲೇ ಕುಡಿದಳು. ಒಂಬತ್ತು ವರ್ಷದ ಅಭ್ಯಾಸ, ಕೊಟ್ಟವಳಿಗೂ ಗೊತ್ತಾಗಲಿಲ್ಲ, ಕುಡಿದವಳಿಗೂ ಗೊತ್ತಾಗಲಿಲ್ಲ.

ಹಸಿರು ಅಂಗಿ ತೊಡಿಸಲು ಬಂದ ಸಿಸ್ಟರ್ ಕೇಳಿದರು, “ಬೆಳಿಗ್ಗೆಯಿಂದ ಬಾಯಿಗೆ ಏನೂ ಹಾಕ್ಕೊಂಡಿಲ್ಲ ತಾನೆ?”

“ಇಲ್ಲ ಸಿಸ್ಟರ್” ಎಂದಳು ಸೊಸೆ, ಪ್ರಾಮಾಣಿಕವಾಗಿ.

“ಮತ್ತೆ ಕೆನ್ನೆಯಲ್ಲಿ ಅದೇನದು?”

ಸೊಸೆ ನಾಲಿಗೆಯಿಂದ ತಡವಿ ನೋಡಿಕೊಂಡಳು. ಅವಳ ಮುಖ ಬಿಳಿಚಿತು. ಹಾಸಿಗೆಯಮ್ಮ ಸಮಾಧಾನ ಮಾಡಲು ಮುಂದೆ ಬಂದಳು. “ಬೆಲ್ಲ ಸಿಸ್ಟರ್, ಬರೀ ಬೆಲ್ಲ. ಅದರ ಮೇಲೆ ಒಂದರ್ಧ ಲೋಟ ಹಾಲು. ಊಟ ಏನೂ ಇಲ್ಲ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಕೊರಗುತ್ತಾರೆ. ಇಲ್ಲಿ ಬಾಯಿಗೆ ಬಂದದ್ದೇ ಕೆಲಸ ಕೆಡಿಸಿತು. ಪ್ರಜ್ಞೆ ತಪ್ಪಿಸುವ ಔಷಧ ಕೊಟ್ಟಾಗ ಹಾಲು ಮೇಲಕ್ಕೆ ಬಂದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಒಪ್ಪಲಿಲ್ಲ. ಪಟ್ಟಿಯಲ್ಲಿದ್ದ ಉಳಿದವರದು ಮುಗಿಸಿ ಮಧ್ಯಾಹ್ನಕ್ಕೆ ಹೊರಟೇ ಹೋದರು. ಇನ್ನು ಅವರು ಬರುವುದು ಸೋಮವಾರ.

ಮಗ ಅಮ್ಮನನ್ನು ವರಾಂಡಕ್ಕೆ ಕರೆದೊಯ್ದ. “ಅಮ್ಮ, ನಿಜ ಹೇಳು. ಬೇಕೂಂತ ಮಾಡಿದ್ಯಾ?”

“ನಾನು ಯಾಕೋ ಬೇಕೂಂತ ಮಾಡ್ಲಿ?”

“ನಾಲ್ಕನೇದು ಹೆಣ್ಣು ಅಂತ ವಾರ್ಡಿಗೆಲ್ಲ ಹೇಳ್ಕೊಂಡು ಬಂದಿದ್ದೀಯ. ಯಾರಾದ್ರೂ ಹಾಗೇ ಅಂದ್ಕೋತಾರೆ. ಅವಳೂ ಅಂದ್ಕೊಂಡಿದ್ದಾಳೆ.”

ಹಾಸಿಗೆಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಬೇಕೆಂದು ಮಾಡಿದ್ದಲ್ಲ, ಆಣೆ ಇಟ್ಟು ಹೇಳಬಲ್ಲಳು. ಆದರೆ ‘ಇವತ್ತು ಆಗಲ್ಲ’ ಎಂದು ಡಾಕ್ಟರು ಅಂದಾಗ ಒಳಗೊಳಗೇ ಒಂದು ಚೂರು ಹಗುರವಾದದ್ದೂ ಸುಳ್ಳಲ್ಲ. ಅದು ನೆನಪಾಗಿ ನಾಚಿಕೆಯಾಯಿತು. ಸೊಸೆಯ ಹತ್ತಿರ ಬಂದು ನಿಂತಳು. ಸೊಸೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಅವಳ ಬೆನ್ನು ಅಲುಗುತ್ತಿತ್ತು. ಒಂಬತ್ತು ವರ್ಷದಲ್ಲಿ ಅವಳು ಜಗಳವಾಡಿದ್ದನ್ನು ಅತ್ತೆ ಲೆಕ್ಕವಿಲ್ಲದಷ್ಟು ಸಲ ಕಂಡಿದ್ದಳು. ಅತ್ತದ್ದನ್ನು ಕಂಡಿರಲಿಲ್ಲ.

“ನನ್ನನ್ನ ಬಯ್ಯೇ” ಎಂದಳು ಅತ್ತೆ. “ಹೀಗೆ ಅಳ್ಬೇಡ. ಬಯ್ಯಿ.”

“ಬಯ್ದು ಏನು ಮಾಡ್ಲಿ?” ಸೊಸೆ ತಿರುಗಲಿಲ್ಲ. “ನಾಳೆ ಡಿಸ್ಚಾರ್ಜು ಅಂತೆ. ಹೆರಿಗೆಯಾಗಿ ಏಳು ದಿನದ ಒಳಗೆ ಆದ್ರೆ ಆಯ್ತು, ಇಲ್ಲಾಂದ್ರೆ ಮತ್ತೆ ಆರು ವಾರ ಬಿಟ್ಟೇ ಅಂತೆ. ಮನೆಗೆ ಹೋದ್ರೆ ನಾನು ಸೋಮವಾರ ವಾಪಸ್ ಬರಲ್ಲ ಅತ್ತೆ. ನನಗೆ ನಮ್ಮನೆ ಗೊತ್ತು. ಚಿಕ್ಕವನು ಕಾಲು ಹಿಡ್ಕೋತಾನೆ, ಹಾಸಿಗೆ ಆರ್ಡರ್ ಕೊಟ್ಟ ಹಾಸ್ಟೆಲ್ಲಿನವರು ಬಂದು ಕೂರ್ತಾರೆ, ಮುಗೀತು.”

“ಅಷ್ಟೊಂದು ಯಾಕೆ ಹೆದರ್ತೀಯೇ?”

ಸೊಸೆ ಈಗ ತಿರುಗಿದಳು. “ಆವತ್ತು ಯಂತ್ರದ ಹತ್ರ ಬಿದ್ನಲ್ಲ, ಕಣ್ಣು ಕತ್ತಲೆ ಬಂದಾಗ ಸತ್ತೇ ಹೋದೆ ಅಂದ್ಕೊಂಡೆ. ಏನು ನೆನಪಾಯ್ತು ಗೊತ್ತಾ? ದೊಡ್ಡವನ ಸ್ಕೂಲ್ ಶರ್ಟಿಗೆ ಎರಡು ಗುಂಡಿ ಹಾಕಿರ್ಲಿಲ್ಲ. ಅಯ್ಯೋ, ಗುಂಡಿ ಹಾಕದೆ ಹೋದ್ನಲ್ಲ ಅಂತ. ನನಗೆ ಇರೋ ಮೂವರನ್ನ ಸಾಕ್ಬೇಕು ಅತ್ತೆ. ನಾನು ಇರ್ಬೇಕು.”

ಹಾಸಿಗೆಯಮ್ಮ ಮಂಚದ ಅಂಚಿಗೆ ಕೂತಳು. ಹೆಣ್ಣು ಮಗುವಿನ ಆಸೆ ಎಷ್ಟು ವರ್ಷದ್ದೋ, ಅದು ಅಲ್ಲೇ ಬಿಟ್ಟುಹೋಯಿತು. ಈಗ ಅತ್ತೆಗೂ ಹೆದರಿಕೆಯಾಯಿತು. ಸೊಸೆಯಿಲ್ಲದ ಆ ಅಂಗಳ, ಯಂತ್ರದ ಪಕ್ಕದ ಖಾಲಿ ಮಣೆ ಕಣ್ಣ ಮುಂದೆ ಬಂದವು. ಕಣ್ಣೊರೆಸಿಕೊಂಡು ಎದ್ದು ನೇರವಾಗಿ ದೊಡ್ಡ ಸಿಸ್ಟರ್ ಮೇಜಿನ ಮುಂದೆ ಹೋಗಿ ನಿಂತಳು.

“ಸಿಸ್ಟರ್, ನಮ್ಮ ಸೊಸೆ ಸೋಮವಾರದವರೆಗೆ ಇಲ್ಲೇ ಇರ್ತಾಳೆ.”

“ಎಲ್ಲಿ ಇರ್ತಾಳೆ? ಬೆಡ್ ಎಲ್ಲಿದೆ ಅಮ್ಮ? ಹೊರಗೆ ನೋಡಿ, ನೋವು ತಿನ್ನುತ್ತಾ ಮೂರು ಜನ ಬೆಂಚಿನ ಮೇಲೆ ಕೂತಿದ್ದಾರೆ. ನಿಮ್ಮ ಸೊಸೆ ಒಬ್ಬಳೇ ಅಲ್ಲ. ಸೋಮವಾರದ ಆಪರೇಷನ್‌ಗೆ ಇನ್ನೂ ಮೂವರಿದ್ದಾರೆ. ನಾಳೆ ಸಂಜೆ ಎಲ್ಲರನ್ನೂ ಕಳಿಸ್ಬೇಕು. ಕಳಿಸಿದ್ರೆ ಬರಲ್ಲ ಅಂತ ನನಗೂ ಗೊತ್ತು. ಹೋದವರಲ್ಲಿ ಹತ್ತಕ್ಕೆ ಒಬ್ಬರೂ ವಾಪಸ್ ಬರಲ್ಲ. ಮುಂದಿನ ವರ್ಷ ಹೊಟ್ಟೆ ಹೊತ್ಕೊಂಡೇ ಬರ್ತಾರೆ.”

“ಇಷ್ಟು ದೊಡ್ಡ ಆಸ್ಪತ್ರೇಲಿ ನಾಲ್ಕು ಮಂಚ ಇಲ್ವಾ?”

“ಮಂಚ ಇದೆ” ಎಂದರು ಸಿಸ್ಟರ್ ಬೇಸರದಿಂದ. “ಸ್ಟೋರಲ್ಲಿ ಸರಿಯಾಗಿ ನಾಲ್ಕು ಮಂಚ ಇದೆ. ಮೇಲೆ ಹಾಸೋಕೆ ಹಾಸಿಗೆ ಇಲ್ಲ. ಇದ್ದದ್ದು ಕೊಳೆತು ಎರಡು ವರ್ಷ ಆಯ್ತು. ಬರೆದೂ ಬರೆದೂ ನನ್ನ ಕೈ ಸೋತು ಹೋಯ್ತು, ಇನ್ನೂ ಬಂದಿಲ್ಲ. ಹಾಸಿಗೆ ಇಲ್ಲದ್ದನ್ನ ಬೆಡ್ ಅಂತ ಬರೆಯೋ ಹಾಗಿಲ್ಲ.”

ಹಾಸಿಗೆಯಮ್ಮ ಸಿಸ್ಟರ್ ಮುಖವನ್ನೇ ನೋಡಿದಳು. ಆಮೇಲೆ ಮಗನ ಮುಖ ನೋಡಿದಳು. ಮಗ ಬಾಯಿ ತೆರೆದು ನಿಂತಿದ್ದ.

“ಇನ್ನೊಂದು ಸಲ ಹೇಳಿ ಸಿಸ್ಟರ್. ಏನಿಲ್ಲ ಅಂದ್ರಿ?”

“ಹಾಸಿಗೆ.”

“ಸ್ಟೋರ್ ಬೀಗ ತೆಗೆಸಿ” ಎಂದಳು ಹಾಸಿಗೆಯಮ್ಮ. “ಅಳತೆ ತಗೋಬೇಕು.”

ಸಿಸ್ಟರ್‌ಗೆ ಮೊದಲು ಅರ್ಥವಾಗಲಿಲ್ಲ. ಮಗ ಬಿಡಿಸಿ ಹೇಳಿದ ಮೇಲೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಗತೊಡಗಿದರು. ನಗುನಗುತ್ತಲೇ ಬೀಗದ ಕೈ ಹುಡುಕಿದರು. ತುಕ್ಕು ಹಿಡಿದ ನಾಲ್ಕು ಮಂಚಗಳಿಗೂ ಹಾಸಿಗೆಯಮ್ಮ ಹುರಿ ಹಿಡಿದು ಗಂಟು ಹಾಕಿ ಅಳತೆ ತೆಗೆದಳು. ಪಕ್ಕದ ಬೆಡ್ಡಿನಲ್ಲಿದ್ದವಳು ಇಟ್ಟಿಗೆ ಸುಡುವ ಕಡೆ ಕೆಲಸ ಮಾಡುವವಳು, ಅವಳಿಗೂ ಸೋಮವಾರವೇ ಆಪರೇಷನ್ನು. ಅವಳ ತಾಯಿ, “ನಿಮ್ಮ ಸೊಸೇನ ನಾನು ನೋಡ್ಕೋತೀನಿ, ನೀವು ಹೋಗಿ ಬನ್ನಿ” ಎಂದಳು. ಹೊರಡುವ ಮುಂಚೆ ಅತ್ತೆ ಸೊಸೆಯ ಕಿವಿಯಲ್ಲಿ, “ನೀನು ಈ ಬೆಡ್ ಬಿಟ್ಟು ಅಲುಗಬೇಡ. ಯಾರಾದ್ರೂ ಏಳಿಸಿದ್ರೆ ಸೊಂಟ ನೋವು ಅನ್ನು” ಎಂದಳು. ಸೊಸೆ ಕಣ್ಣು ಕೆಂಪಗಿದ್ದರೂ ನಕ್ಕಳು.

ಮನೆಗೆ ಬಂದು ವಿಷಯ ಹೇಳಿದಾಗ ಮುದುಕನಿಗೆ ಇದ್ದಕ್ಕಿದ್ದಂತೆ ಎರಡೂ ಕಿವಿ ಕೇಳಿಸದಂತಾಯಿತು.

“ರೀ, ಹಾಸ್ಟೆಲ್ಲಿಗೆ ಅಂತ ಹಿಂಜಿಟ್ಟಿರೋ ಹತ್ತಿ ತೆಗೀರಿ.”

“ಆಂ?”

“ಹತ್ತಿ.”

“ಹಾಸ್ಟೆಲ್ಲಿನವರಿಗೆ ಶನಿವಾರ ಕೊಡ್ತೀವಿ ಅಂತ ಮಾತು ಕೊಟ್ಟಿದ್ದೀನಿ.”

“ಅವರು ಇನ್ನೊಂದು ವಾರ ಚಾಪೆ ಮೇಲೆ ಮಲಗ್ಲಿ. ಓದೋ ವಯಸ್ಸು, ನಿದ್ದೆ ಕಮ್ಮಿ ಆದಷ್ಟೂ ಒಳ್ಳೇದು. ಏಳ್ತೀರೋ ಇಲ್ವೋ?”

ಮುದುಕ ಎದ್ದ. ಹತ್ತಿಯ ಮೂಟೆ ಉರುಳಿತು. ಗವಸಿನ ಬಟ್ಟೆ ಹರಿದು ಹೊಲಿಗೆ ಯಂತ್ರಕ್ಕೆ ಕೊಟ್ಟರು. ದೊಡ್ಡವನು ಮೂಲೆಗಳಿಗೆ ಹತ್ತಿ ತುರುಕಿದ, ಚಿಕ್ಕವನು ಅದನ್ನು ಹೊರಗೆ ಎಳೆದ. ಹತ್ತು ವರ್ಷದಿಂದ ಗಾಡಿ ತಳ್ಳುವುದು ಬಿಟ್ಟು ಬೇರೇನೂ ಮಾಡದ ಮಗ ಮೊದಲ ಸಲ ದಬ್ಬಳ ಹಿಡಿದು ಕೂತ. ಅವನ ಹೊಲಿಗೆ ಕುಡಿದವನ ನಡಿಗೆಯಂತೆ ಅತ್ತಿಂದಿತ್ತ ಹೋಯಿತು. ಬೇರೆ ದಿನವಾಗಿದ್ದರೆ ಹಾಸಿಗೆಯಮ್ಮ ಅದನ್ನು ಕಿತ್ತು ಅವನ ಮುಖಕ್ಕೇ ಎಸೆಯುತ್ತಿದ್ದಳು. ಈಗ ನೋಡಿಯೂ ನೋಡದವಳಂತೆ, “ಅದನ್ನ ನಿನ್ನ ಹೆಂಡತಿಗೇ ಹಾಕು. ಅವಳು ತಡ್ಕೋತಾಳೆ” ಎಂದಳು.

ಮೊಟ್ಟೆ ಅಂಗಡಿಯವಳು ಬಾಗಿಲಲ್ಲಿ ಇಣುಕಿದಳು. “ಏನು ಇಷ್ಟು ಗಡಿಬಿಡಿ? ಆಪರೇಷನ್ನಾ? ನಮ್ಮ ನಾದಿನಿ ಆಪರೇಷನ್ ಆದ್ಮೇಲೆ ಒಂದು ಬಿಂದಿಗೆ…”

“ನಿಮ್ಮ ನಾದಿನಿ ಮುಂಚೇನೂ ಎತ್ತುತ್ತಿರ್ಲಿಲ್ಲ ಬಿಡಮ್ಮ” ಎಂದಳು ಹಾಸಿಗೆಯಮ್ಮ, ದಾರ ಹಲ್ಲಲ್ಲಿ ಕಡಿಯುತ್ತ. “ನಾಳೆ ಮಧ್ಯಾಹ್ನ ನಿಮ್ಮ ವ್ಯಾನು ಆಸ್ಪತ್ರೆ ಕಡೆ ಹೋಗುತ್ತಾ?”

ಹೋಗುತ್ತಿತ್ತು. ಶುಕ್ರವಾರ ಮಧ್ಯಾಹ್ನ ಒಳಗೆ ಮೊಟ್ಟೆ, ಮೇಲೆ ನಾಲ್ಕು ಹಾಸಿಗೆ, ಹಾಸಿಗೆ ಹಾರದಂತೆ ಅದರ ಮೇಲೆ ಮಗ, ಹೀಗೆ ಆ ವ್ಯಾನು ಬೀದಿಯಿಂದ ಹೊರಟಿತು. ಆಸ್ಪತ್ರೆಯ ಬಾಗಿಲಲ್ಲಿ ಕಾವಲಿನವನು ಕೈ ಅಡ್ಡ ಹಾಕಿ, ಯಾರ ಅಪ್ಪಣೆ ಎಂದು ಕೇಳಿದ. “ದೊಡ್ಡ ಸಿಸ್ಟರ್‌ದು. ಮುಟ್ಟಿ ನೋಡು, ಇಂಥ ಹಾಸಿಗೆ ಮೇಲೆ ನೀನು ಹುಟ್ಟಿದ ಮೇಲೆ ಮಲಗಿದ್ದೀಯಾ?” ಎಂದಳು ಹಾಸಿಗೆಯಮ್ಮ. ಅವನು ಮುಟ್ಟಿ ನೋಡಿ ಒಂದು ತುದಿಗೆ ತಾನೇ ಹೆಗಲು ಕೊಟ್ಟ.

ಸಿಸ್ಟರ್ ಮೂಲೆ ಹಿಸುಕಿದರು, ಅಂಗೈಯಿಂದ ಒತ್ತಿದರು, ಕೊನೆಗೆ ಅತ್ತ ಇತ್ತ ನೋಡಿ ತಾವೇ ಒಮ್ಮೆ ಕೂತು ನೋಡಿದರು. ಆಮೇಲೆ ದೊಡ್ಡ ಪುಸ್ತಕ ತೆರೆದು ಬೆಡ್ಡಿನ ಸಂಖ್ಯೆ ಮೂವತ್ತೊಂದರಿಂದ ಮೂವತ್ತನಾಲ್ಕು ಎಂದು ಬರೆದರು. ಸೊಸೆಗೆ ಮೂವತ್ತೊಂದು, ಇಟ್ಟಿಗೆಯವಳಿಗೆ ಮೂವತ್ತೆರಡು, ಉಳಿದೆರಡು ಇನ್ನಿಬ್ಬರಿಗೆ. ಬೆಂಚಿನ ಮೇಲೆ ನೋವು ತಿನ್ನುತ್ತಿದ್ದವರಿಗೆ ಖಾಲಿಯಾದ ಬೆಡ್ಡುಗಳು ಸಿಕ್ಕವು.

ಶನಿವಾರ ಭಾನುವಾರ ಆ ನಾಲ್ಕು ಮಂಚಗಳ ಮೂಲೆಯಲ್ಲಿ ನಗುವೇ ನಗು. ಇಟ್ಟಿಗೆಯವಳಿಗೆ ಮನೆಯಲ್ಲಿ ನಾಲ್ಕು ಮಕ್ಕಳು, ಇದು ಐದನೆಯದು. “ಜನ್ಮದಲ್ಲಿ ಮೊದಲ ಸಲ ಹತ್ತಿ ಹಾಸಿಗೆ ಮೇಲೆ ಮಲಗಿದ್ದೀನಿ. ಇಷ್ಟು ಸುಖ ಅಂತ ಗೊತ್ತಿದ್ರೆ ನಮ್ಮ ಮನೆಯವರನ್ನ ಬೇರೆ ಮಲಗಿಸಿ ನಾನು ಒಬ್ಬಳೇ ಮಲಗ್ತಿದ್ದೆ, ಆಪರೇಷನ್ನೇ ಬೇಕಾಗ್ತಿರ್ಲಿಲ್ಲ” ಎಂದಳು. ಇನ್ನೂ ಹುಡುಗಿಯಂತಿದ್ದ ಕೊನೆಯ ಮಂಚದವಳು ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಸೊಸೆ ತನ್ನ ಹಾಸಿಗೆಯ ಅಂಕುಡೊಂಕು ಹೊಲಿಗೆಯ ಮೇಲೆ ಬೆರಳಾಡಿಸಿ, “ಇದನ್ನ ಯಾರು ಹೊಲಿದದ್ದು?” ಎಂದಳು. ಮಗ ತಲೆ ಕೆರೆದುಕೊಂಡು, “ಚೆನ್ನಾಗಿಲ್ವಾ?” ಎಂದ. “ಚೆನ್ನಾಗಿಲ್ಲ. ಆದ್ರೆ ಬಿಚ್ಚಬೇಡಿ” ಎಂದಳು ಸೊಸೆ.

ಸೋಮವಾರಕ್ಕೆ ಹೆರಿಗೆಯಾಗಿ ಆರನೆಯ ದಿನ. ಅವತ್ತು ಹಾಸಿಗೆಯಮ್ಮ ಬೆಲ್ಲದ ಚೀಲವನ್ನು ಸೊಂಟದಿಂದ ಬಿಚ್ಚಿ ಮಗನ ಕೈಗೆ ಕೊಟ್ಟು ಗೇಟಿನಾಚೆ ಕಳಿಸಿದಳು. ನಾಲ್ಕು ಮಂಚಗಳ ನಡುವೆ ಸ್ಟೂಲು ಹಾಕಿಕೊಂಡು ಕೂತಳು. ಇಟ್ಟಿಗೆಯವಳ ತಾಯಿ ಬ್ರೆಡ್ಡು ತಂದಾಗ ಅದನ್ನು ಕಿತ್ತುಕೊಂಡು ತಾನು ಕೂತ ಸ್ಟೂಲಿನ ಕೆಳಗೆ ಬಚ್ಚಿಟ್ಟಳು. ನೀರಿನ ಬಾಟಲಿ ಹಿಡಿದು ಬಂದ ಇನ್ಯಾರದೋ ಗಂಡನನ್ನು ಬಾಗಿಲಿನವರೆಗೆ ಅಟ್ಟಿಕೊಂಡು ಹೋದಳು. “ನಿಮ್ಮ ಹೊಟ್ಟೆಗೇನಮ್ಮ?” ಎಂದು ಸಿಸ್ಟರ್ ಕೇಳಿದರೆ, “ಇವರದು ಆಗೋವರೆಗೂ ನನಗೂ ಇಲ್ಲ. ನನ್ನ ಕೈಯನ್ನ ನಾನೇ ನಂಬಲ್ಲ” ಎಂದಳು.

ಒಬ್ಬೊಬ್ಬರನ್ನಾಗಿ ಒಳಗೆ ಕರೆದೊಯ್ದರು. ಸೊಸೆಯದು ಎರಡನೆಯ ಸರದಿ. ಬಾಗಿಲು ಮುಚ್ಚಿದಾಗ ಹಾಸಿಗೆಯಮ್ಮ ಮೂರನೆಯ ಮೊಮ್ಮಗನನ್ನು ಎದೆಗವಚಿಕೊಂಡು ಗೋಡೆಗೊರಗಿ ನಿಂತಳು. ಇಷ್ಟು ದಿನ ಬೇಡ ಬೇಡ ಎಂದದ್ದು ಆಗಲಿ ಆಗಲಿ ಎಂದು ಈಗ ಬಾಯಲ್ಲಿ ಬರುತ್ತಿತ್ತು. ಮುಕ್ಕಾಲು ಗಂಟೆಯಾದ ಮೇಲೆ ಡಾಕ್ಟರು ಹೊರಗೆ ಬಂದರು.

“ಆಯ್ತಾ ಡಾಕ್ಟ್ರೇ?”

“ಆಯ್ತು. ಚೆನ್ನಾಗಿದ್ದಾಳೆ.”

ಹಾಸಿಗೆಯಮ್ಮ ಅಲ್ಲೇ ನೆಲದ ಮೇಲೆ ಕೂತು ಮನಸಾರೆ ಅತ್ತಳು. ಸಂಕಟಕ್ಕೆ ಅತ್ತದ್ದಲ್ಲ. ಗಾಲಿ ಮಂಚದ ಮೇಲೆ ಬಂದ ಸೊಸೆ ಅರ್ಧ ಕಣ್ಣು ತೆರೆದು ಮೊದಲು ಆಡಿದ ಮಾತು, “ಅತ್ತೆ, ಹೊಟ್ಟೆ ಹಸೀತಿದೆ.” ಇನ್ನೂ ನಾಲ್ಕು ಗಂಟೆ ಏನೂ ಕೊಡಬಾರದೆಂದು ಸಿಸ್ಟರ್ ಗದರಿದರು. ಅತ್ತೆ ಸೊಸೆಯ ಕೈ ಹಿಡಿದುಕೊಂಡು ಗೋಡೆಯ ಗಡಿಯಾರ ನೋಡುತ್ತ ಕೂತಳು. ನಾಲ್ಕು ಗಂಟೆ ಮುಗಿದ ಕ್ಷಣಕ್ಕೆ ಸರಿಯಾಗಿ ಮೊದಲ ಚಮಚ ಗಂಜಿ ಬಾಯಿಗಿಟ್ಟಳು. ಆ ದಿನ ನಾಲ್ಕು ಮಂಚದವರದೂ ಸುಸೂತ್ರವಾಗಿ ಮುಗಿಯಿತು.

ಮನೆಗೆ ಬಂದ ಮೇಲೆ ದಿನಗಳು ಓಡಿದವು. ಹೊಟ್ಟೆಯ ಹೊಲಿಗೆ ಬಿಚ್ಚಿದ್ದಾಯಿತು, ಹಾಸ್ಟೆಲ್ಲಿನವರ ಬೈಗುಳ ತಿಂದದ್ದಾಯಿತು, ಸೊಸೆಯ ಮುಖಕ್ಕೆ ಬಣ್ಣ ಮರಳಿತು. ಒಂದು ಮಂಗಳವಾರ ಮಾತ್ರ ಮನೆ ರಣರಂಗವಾಗಿತ್ತು. ಯಂತ್ರದ ಬೆಲ್ಟು ಹರಿದಿತ್ತು. ದೊಡ್ಡವನು ಮೂಗಿಗೆ ಹತ್ತಿ ಬೀಜ ತುರುಕಿಕೊಂಡು ಬೊಬ್ಬೆ ಹೊಡೆಯುತ್ತಿದ್ದ. ಚಿಕ್ಕವನಿಗೆ ಬೆಳಗಿನಿಂದ ಹೊಟ್ಟೆ ಕೆಟ್ಟು ನಾಲ್ಕು ಚಡ್ಡಿ ಮುಗಿದಿದ್ದವು. ಮಗ ಬೆಲ್ಟು ತರುತ್ತೇನೆಂದು ಹೋದವನು ಪತ್ತೆಯಿರಲಿಲ್ಲ. ಮುದುಕ ಈ ಗದ್ದಲದಲ್ಲಿ ಎಡಗಿವಿ ಮೇಲೆ ಮಾಡಿ ಮಲಗಿ ಗೊರಕೆ ಹೊಡೆಯುತ್ತಿದ್ದ. ಸೊಸೆ ಒಂದು ಕೈಯಲ್ಲಿ ಹಾಲೂಡಿಸುತ್ತ ಇನ್ನೊಂದು ಕೈಯಲ್ಲಿ ದೊಡ್ಡವನ ಮೂಗು ಹಿಡಿದಿದ್ದಳು. ಅಷ್ಟರಲ್ಲಿ ಬೀದಿಯ ದಾದಿ ಬಾಗಿಲಿಗೆ ಬಂದು, “ಮಗುವಿಗೆ ಇವತ್ತಿಗೆ ಆರು ವಾರ. ಚುಚ್ಚುಮದ್ದು ಹಾಕ್ಬೇಕು” ಎಂದು ಅಲ್ಲೇ ಪೆಟ್ಟಿಗೆ ತೆರೆದಳು, ಸೂಜಿ ಹಾಕಿ ಹೋದಳು. ಮೂರನೆಯವನ ಅಳುವೂ ಸೇರಿಕೊಂಡಿತು.

ಹಾಸಿಗೆಯಮ್ಮ ತೊಳೆಯುತ್ತಿದ್ದ ಚಡ್ಡಿಯನ್ನು ಕೈಯಲ್ಲೇ ಹಿಡಿದು ನಿಂತಳು.

“ಆರು ವಾರ ಅಂದ್ಲು ಅಲ್ವೇನೇ?”

“ಹೂಂ ಅತ್ತೆ.”

“ಇವತ್ತು ನೀನು ಆಪರೇಷನ್‌ಗೆ ಅಂತ ಹೋಗ್ಬೇಕಾಗಿದ್ದಿದ್ರೆ ಏನು ಮಾಡ್ತಿದ್ವಿ?”

“ಏನು ಮಾಡೋದು? ಮುಂದಿನ ವಾರ ಹೋದ್ರಾಯ್ತು ಬಿಡು ಅಂತ ನೀವು ಅಂತಿದ್ರಿ.”

“ನಾನಾ?”

“ಹೋದ ಸಲ ನಾಲ್ಕು ಸಲ ಅಂದ್ರಿ. ದೊಡ್ಡವನಿಗೆ ಕೆಮ್ಮು ಅಂತ ಒಂದು ವಾರ. ಮಾವನ ಕಾಲು ಉಳುಕಿತು ಅಂತ ಒಂದು ವಾರ. ದಿಂಬಿನ ಆರ್ಡರು ಅಂತ ಒಂದು. ವಾರ ವಾರ ಅಂತ ತಿಂಗಳುಗಳೇ ಹೋದ್ವು. ನಾಲ್ಕನೇ ಸಲ ಏನೂ ಇರ್ಲಿಲ್ಲ, ಬಿಸಿಲು ಜಾಸ್ತಿ, ಮುಂದಿನ ವಾರ ಹೋಗು ಅಂದ್ರಿ. ಅದರ ಮುಂದಿನ ವಾರಕ್ಕೆ ಇವನು ಹೊಟ್ಟೇಲಿ ಬಂದು ಕೂತಿದ್ದ.” ಸೊಸೆ ತೊಡೆಯ ಮೇಲಿದ್ದವನನ್ನು ತೋರಿಸಿದಳು.

ಹಾಸಿಗೆಯಮ್ಮನಿಗೆ ಒಂದೊಂದೂ ನೆನಪಾಯಿತು. ಆಡಿದ್ದೆಲ್ಲ ಆಕೆಯದೇ ಮಾತು. “ನಾನೇ ಕಣೇ” ಎಂದಳು ಮೆಲ್ಲಗೆ. “ಏನೇನೋ ಅಡ್ಡ ಬಂತು ಅಂತಿದ್ದೆ. ಅಡ್ಡ ಬಂದದ್ದು ನಾನೇ. ತಪ್ಪಾಯ್ತು.”

“ಇರ್ಲಿ ಬಿಡಿ ಅತ್ತೆ. ಕೊನೆಗೆ ಹಾಸಿಗೆ ಹೊಲಿದು ಕೂರಿಸಿದ್ದೂ ನೀವೇ ತಾನೆ.”

ಸೂಜಿಯ ನೋವಿಗೆ ಕೆಂಪಗಾಗಿ ಅಳುತ್ತಿದ್ದ ಮಗುವನ್ನು ಹಾಸಿಗೆಯಮ್ಮ ಎತ್ತಿಕೊಂಡು ಮುಖದ ಮುಂದೆ ಹಿಡಿದಳು. “ಏನೋ, ನನ್ನ ಮುಂದಿನ ವಾರ? ಯಾಕೋ ಅಳ್ತೀಯ, ಮುಂದಿನ ವಾರ?” ಎಂದಳು. ಸೊಸೆಗೆ ನಗು ತಡೆಯಲಾಗಲಿಲ್ಲ. ಅತ್ತೆಗೂ ನಗು ಬಂತು. ಇಬ್ಬರೂ ಹತ್ತಿಯ ರಾಶಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ರಭಸಕ್ಕೆ ದೊಡ್ಡವನೂ ನಕ್ಕ, ನಕ್ಕದ್ದಕ್ಕೆ ಸೀನು ಬಂತು, ಸೀನಿದ್ದಕ್ಕೆ ಮೂಗಿನ ಬೀಜ ಹಾರಿ ನೆಲಕ್ಕೆ ಬಿತ್ತು.

ಮುದುಕ ಎದ್ದು ಬಂದು, “ಏನಾಯ್ತು?” ಎಂದ.

“ಏನಿಲ್ಲ ರೀ. ನಿಮ್ಮ ಮೊಮ್ಮಗನಿಗೆ ಹೆಸರಿಟ್ಟೆ.”

ಆಸ್ಪತ್ರೆಯ ಕಾಗದದಲ್ಲಿ ಬೇರೆ ಹೆಸರಿದೆ. ಬೀದಿಯವರೆಲ್ಲ ಅವನನ್ನು ಕರೆಯುವುದು ಮುಂದಿನ ವಾರ ಎಂದೇ, ಅವನೂ ಓಗೊಟ್ಟು ಓಡಿ ಬರುತ್ತಾನೆ. ಅವನ ಬೆನ್ನಿಗೆ ಇನ್ಯಾರೂ ಹುಟ್ಟಲಿಲ್ಲ.